ವೆಬ್‌ಸೈಟಿನಲ್ಲಿ ಸುರಿದ ನೀರು

ಬಿಟಿಎಂ ಲೇಔಟಿನ ಆ ಹುಡುಗಿಯರ ಪೀಜಿಯಲ್ಲಿ ನೀರಿನ ಮೋಟರ್ ಕೆಟ್ಟು ಎರಡು ತಿಂಗಳಾಗಿತ್ತು. ಕೆಲಸದ ಹುಲಿಗೆವ್ವ ಕೆಳಗಿನ ಸಂಪಿನಿಂದ ಕೊಡ ತುಂಬಿಕೊಂಡು ನಾಲ್ಕು ಮಹಡಿ ಹತ್ತುತ್ತಿದ್ದಳು. ಅವಳ ಸೊಂಟ ಬಿದ್ದುಹೋಗಿತ್ತು. ಮಾಲೀಕ ಗಂಗಾಧರಯ್ಯನವರಿಗೆ ಮಾತ್ರ ಬೇರೆಯೇ ಚಿಂತೆ. ಎದುರು ಬೀದಿಯ ಪೀಜಿಯ ವೆಬ್‌ಸೈಟಿನಲ್ಲಿ ಚಿತ್ರಗಳು ಒಂದರ ಹಿಂದೊಂದು ಓಡುತ್ತವಂತೆ, ತಮ್ಮದರಲ್ಲಿ ಸತ್ತಂತೆ ನಿಂತಿವೆ!

ಮೂರನೇ ಮಹಡಿಯ ರಾಜಶ್ರೀ ಬಾದಾಮಿ ಕಡೆಯ ಹುಡುಗಿ, ಕಂಪನಿಯೊಂದರಲ್ಲಿ ವೆಬ್‌ಸೈಟ್ ಮಾಡುವವಳು. ಅವಳನ್ನು ಕರೆಸಿದರು.

"ನಮ್ಮ ಫೋಟೋಗಳೂ ಓಡಾಡ್ಬೇಕು ಕಣಮ್ಮ. ಸಖತ್ತಾಗಿರ್ಬೇಕು. ನಲ್ಲೀಲಿ ನೀರು ಧೋ ಅಂತ ಸುರೀಬೇಕು."

"ನಳದಾಗ ನೀರ ಬರೂದಿಲ್ಲಲ್ರಿ ಸರ್. ಮೊದಲ ಮೋಟರ್ ರಿಪೇರಿ ಮಾಡಸ್ರಿ."

"ಮೋಟರ್ ಯಾರಿಗಮ್ಮ ಕಾಣ್ಸುತ್ತೆ? ಆಗಲ್ಲ ಅಂದ್ರೆ ಹೇಳ್ಬಿಡು, ನಿನ್ನ ಬೆಡ್‌ಗೆ ಬೇರೆಯವರು ಕಾಯ್ತಾವ್ರೆ."

ಈ ಊರಲ್ಲಿ ಅವಳಿಗಿದ್ದ ನೆಲೆ ಆ ಮಂಚವೊಂದೇ. ರಾಜಶ್ರೀ ಆಗಲಿ ಎಂದು ತಲೆಯಾಡಿಸಿದಳು.

"ಇನ್ನೊಂದು. ನಿಲ್ಲಿಸೋ ಬಟನ್ ಗಿಟನ್ ಇಡ್ಬೇಡ. ಬಂದೋರು ಪೂರ್ತಿ ನೋಡ್ಲೇಬೇಕು."

ಚಿತ್ರ ತೆಗೆಯುವ ದಿನ ಹುಲಿಗೆವ್ವ ಬೆಳಿಗ್ಗೆಯಿಂದ ಕೊಡ ಹೊತ್ತು ಮೇಲಿನ ಟ್ಯಾಂಕ್ ತುಂಬಿಸಿದಳು. ನಲ್ಲಿ ಸುರಿಯಿತು. ಅವಳು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರೆ, "ಏಯ್, ಆ ಕಡೆ ಹೋಗು, ಫೋಟೋ ಕೆಡುತ್ತೆ" ಎಂದರು ಗಂಗಾಧರಯ್ಯ. ಫೋಟೋ ತೆಗೆಯುತ್ತಿದ್ದ ರಾಜಶ್ರೀ ಅದನ್ನು ಕೇಳಿಸಿಕೊಂಡಳು. ಆ ಸಂಜೆ ಅವಳು ಕೋಣೆಕೋಣೆಗೂ ಹೋಗಿ, "ನೀರಿನ ಪಾಡಿಂದು ನಿಮ್ಮ ಮೊಬೈಲ್‌ದಾಗ ಏನೇನ್ ಫೋಟೋ ಅದಾವು, ಎಲ್ಲಾ ಕೊಡ್ರಿ" ಎಂದು ಹುಡುಗಿಯರನ್ನು ಕೇಳಿದಳು.

ವೆಬ್‌ಸೈಟಿನ ಉದ್ಘಾಟನೆಗೆ ಬನಶಂಕರಿಯಿಂದ ಪುರೋಹಿತರು ಬಂದರು. ಲ್ಯಾಪ್‌ಟಾಪಿಗೆ ಕುಂಕುಮ, ಮೌಸಿನಡಿ ನಿಂಬೆಹಣ್ಣು. ನೆಂಟರು, ಅಕ್ಕಪಕ್ಕದ ಮಾಲೀಕರು, ಎಲ್ಲರ ಕೈಯಲ್ಲೂ ಕೇಸರಿಬಾತು. ತೆಂಗಿನಕಾಯಿ ಒಡೆದರು. ಚಿತ್ರಗಳು ಓಡಿದವು.

ಮೊದಲು ಧೋ ಎಂದು ಸುರಿಯುವ ನಲ್ಲಿ. ಚಪ್ಪಾಳೆ ಬಿತ್ತು. ಆಮೇಲೆ ತುಕ್ಕು ಹಿಡಿದ ನಲ್ಲಿ, ಅದಕ್ಕೆ ಯಾರೋ ನೇತುಹಾಕಿದ ಒಗೆಯುವ ಬಟ್ಟೆಯ ಚೀಲ. ಬಕೆಟ್ ಹಿಡಿದು ಸಾಲಾಗಿ ನಿಂತ ಹುಡುಗಿಯರು. ಮೆಟ್ಟಿಲ ಮೇಲೆ ಕೊಡ ಹೊತ್ತು ಏದುಸಿರು ಬಿಡುತ್ತಿರುವ ಹುಲಿಗೆವ್ವ. ಮತ್ತೆ ಧೋ ಎನ್ನುವ ನಲ್ಲಿ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ನಿಲ್ಸಮ್ಮ ಅದನ್ನ!"

"ನಿಲ್ಲಸೂ ಬಟನ್ ನೀವ ಬ್ಯಾಡ ಅಂದಿದ್ರಲ್ರಿ."

ಗಂಗಾಧರಯ್ಯ ಲ್ಯಾಪ್‌ಟಾಪ್ ಮುಚ್ಚಿದರು. ಬಂದವರು ತಮ್ಮ ಮೊಬೈಲುಗಳಲ್ಲೂ ವೆಬ್‌ಸೈಟ್ ತೆರೆದಿದ್ದರು, ಅಲ್ಲಿ ಚಿತ್ರಗಳು ಓಡುತ್ತಲೇ ಇದ್ದವು. "ಇವತ್ತೇ ರೂಮ್ ಖಾಲಿ ಮಾಡು!" ಎಂದು ಗಂಗಾಧರಯ್ಯ ರಾಜಶ್ರೀಯತ್ತ ಕಿರುಚಿದರು.

ಮೆಟ್ಟಿಲ ಮೇಲಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಇಳಿದು ಬಂದು ರಾಜಶ್ರೀಯ ಪಕ್ಕ ನಿಂತರು. "ಹಂಗಾದ್ರೆ ಎಲ್ರೂ ಖಾಲಿ ಮಾಡ್ತೀವಿ ಅಂಕಲ್."

ಹುಲಿಗೆವ್ವ ತುಂಬಿದ ಕೊಡವನ್ನು ತಂದು ಗಂಗಾಧರಯ್ಯನವರ ಕಾಲ ಬಳಿ ಇಳಿಸಿದಳು.

"ತಗೋರಿ ಯಜಮಾನ್ರ, ಇದನ್ನ ನಾಲ್ಕನೇ ಮಾಳಿಗಿಗೆ ಏರಸ್ರಿ. ರಾಜಶ್ರೀ ಫೋಟೋ ತೆಗೀತಾಳ."