ಕಾಕಿ ಮರ ಕೊಟ್ಟ ಮಾತು

ಬಾಯಿಗಿಟ್ಟ ಹಣ್ಣಿನ ತುಂಡನ್ನು ಕಿನುಯೋ ಥೂ ಎಂದು ಅಂಗಳಕ್ಕೆ ಉಗಿದಳು. ಈ ವರ್ಷವೂ ಒಗರು! ನಾಲಿಗೆ ದಪ್ಪಗಾಗಿ ಮರವನ್ನು ನೆಟ್ಟಗೆ ಬೈಯುವುದಕ್ಕೂ ಆಗಲಿಲ್ಲ.

ಜಪಾನಿನ ಆ ಊರಲ್ಲಿ ಕಾಕಿ, ಅಂದರೆ ಪರ್ಸಿಮನ್ ಹಣ್ಣಿನ ಮರವಿಲ್ಲದ ಮನೆಯಿರಲಿಲ್ಲ. ಹೆಚ್ಚಿನವು ಒಗರು ಜಾತಿ. ಜನ ಆ ಹಣ್ಣಿನ ಸಿಪ್ಪೆ ಹೆರೆದು, ಹಗ್ಗಕ್ಕೆ ಪೋಣಿಸಿ, ಸೂರಿನ ಕೆಳಗೆ ಒಣಗಿಸಿ ಸಿಹಿ ಮಾಡಿಕೊಳ್ಳುತ್ತಿದ್ದರು. ಕಿನುಯೋಳ ಅತ್ತೆ ನೆಟ್ಟ ಮರ ಮಾತ್ರ ಕಿತ್ತು ಹಾಗೇ ಕಚ್ಚಿ ತಿನ್ನುವಂಥದ್ದು. ಹಣ್ಣಿನ ಕಾಲ ಬಂತೆಂದರೆ ಕಿನುಯೋಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ವರ್ಷದಿಂದ ಆ ಜಂಬಕ್ಕೆ ಮಣ್ಣು ಬಿದ್ದಿತ್ತು.

"ಎಲ್ಲರ ಹಾಗೆ ಹೆರೆದು ಒಣಗ್ಹಾಕೇ," ಎಂದು ಬೀದಿಯ ಹೆಂಗಸರು ಬುದ್ಧಿ ಹೇಳಿದರೆ ಉರಿದು ಬೀಳುತ್ತಿದ್ದಳು.

"ನಮ್ದು ಸಿಹಿ ಮರ ಕಣ್ರೇ! ಒಣಗ್ಹಾಕಿದ್ರೆ ನಮ್ಮತ್ತೆ ಗೋರಿಯಿಂದ ಎದ್ದು ಬರ್ತಾರೆ. ಈ ಸಲವೂ ಒಗರಾದ್ರೆ ಚಿಕ್ಕ ಹೊಸವರ್ಷಕ್ಕೆ ಕಡಿದೇ ಹಾಕ್ತೀನಿ, ನೋಡ್ತಿರಿ."

ಜನವರಿ ನಡುವಿನ ಚಿಕ್ಕ ಹೊಸವರ್ಷದ ದಿನ ಕಾಕಿ ಮರವನ್ನು ಹೆದರಿಸುವುದು ಅಲ್ಲಿನ ವಾಡಿಕೆ. ಒಬ್ಬರು ಕೊಡಲಿ ಎತ್ತಿ, "ಹಣ್ಣು ಬಿಡ್ತೀಯೋ, ಕಡೀಲೋ?" ಎಂದು ಗದರಬೇಕು. ಇನ್ನೊಬ್ಬರು ಕಾಂಡದ ಹಿಂದೆ ನಿಂತು ಮರದ ಪರವಾಗಿ, "ಬಿಡ್ತೀನಿ, ಬಿಡ್ತೀನಿ!" ಎನ್ನಬೇಕು. ಆಮೇಲೆ ತೊಗಟೆಗೆ ಒಂದು ಸಣ್ಣ ಕಚ್ಚು ಹಾಕಿ, ಗಾಯಕ್ಕೆ ಕೆಂಪು ಕಾಳಿನ ಗಂಜಿ ಸವರಿದರೆ ಮಾತು ಗಟ್ಟಿಯಾದಂತೆ. ಕಿನುಯೋ ವಿಧವೆ. ಅವಳ ಮರಕ್ಕೆ ದನಿಯಾಗುತ್ತಿದ್ದವನು ಪಕ್ಕದ ಮನೆಯ ತಮೇಜೋ.

ಅವನ ಬೇಲಿಯೊಳಗೂ ಒಂದು ಕಾಕಿ ಮರವಿತ್ತು. ಹಣ್ಣು ಪುಟ್ಟದು, ಒಳಗೆಲ್ಲ ಬೀಜ. ಎಲೆ ಮಾತ್ರ ರಾಶಿ ರಾಶಿ ಇವಳ ಅಂಗಳಕ್ಕೆ. ಒಂದು ಬೆಳಗ್ಗೆ ಗುಡಿಸಿ ಗುಡಿಸಿ ಸೊಂಟ ಹಿಡಿದುಕೊಂಡಾಗ ಕಿನುಯೋ ಬೇಲಿಯಾಚೆಗೆ ಕೂಗಿದ್ದಳು: "ಅದನ್ನೂ ಒಂದು ಮರ ಅಂತ ಸಾಕಿದೀಯಲ್ಲ! ಬರೀ ಬೀಜದ ಚೀಲ!" ತಮೇಜೋ ಮಾರನೆಯ ದಿನವೇ ಮರ ಕಡಿದ. ಕೊಡಲಿಯ ಒಂದೊಂದು ಏಟೂ ಅವಳ ಅಡುಗೆಮನೆಗೆ ಕೇಳಿತ್ತು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅಂದಿನಿಂದ ಗದರುವವಳೂ ಅವಳೇ, ಮರದ ಹಿಂದೆ ಓಡಿಹೋಗಿ "ಬಿಡ್ತೀನಿ" ಎನ್ನುವವಳೂ ಅವಳೇ. ಮರ ಹಣ್ಣು ಬಿಡುತ್ತಿತ್ತು, ಆದರೆ ಒಗರು. ತಾನೇ ಕೇಳಿ ತಾನೇ ಒಪ್ಪಿಕೊಂಡ ಮಾತು ಮರಕ್ಕೆ ಹಿಡಿಸಲಿಲ್ಲವೆಂದೇ ಅವಳು ನಂಬಿದ್ದಳು.

ಈಗ ಬೇಸರದಲ್ಲಿ ಬುಟ್ಟಿಯಿಂದ ಇನ್ನೊಂದು ಹಣ್ಣು ತೆಗೆದು ಕೊಯ್ದಳು. ಚಾಕು ಎಂಥದಕ್ಕೋ ತಗುಲಿತು. ಒಂದು ಬೀಜ! ಅದರ ಸುತ್ತ ಎಳ್ಳು ಎರಚಿದಂತೆ ಕಪ್ಪು ಚುಕ್ಕೆ. ಆಚೆ ಬದಿ ಬೋಳು, ಬಿಳಿಚಿಕೊಂಡಿತ್ತು. ಬೋಳು ಬದಿ ನೆಕ್ಕಿದಳು, ಒಗರು. ಬೀಜದ ಬದಿ ನೆಕ್ಕಿದಳು.

ಸಿಹಿ. ಅತ್ತೆಯ ಕಾಲದ ಅದೇ ಸಿಹಿ. ಅವಳ ಕಣ್ಣು ತುಂಬಿ ಬಂತು.

ಬುಟ್ಟಿಯಲ್ಲಿದ್ದದ್ದನ್ನೆಲ್ಲ ಕೊಯ್ದು ಹಾಕಿದಳು. ಬೀಜವಿದ್ದ ಎರಡು ಮೂರರಲ್ಲಿ ಬೀಜವಿದ್ದಷ್ಟು ಕಡೆ ಸಿಹಿ, ಮಿಕ್ಕವೆಲ್ಲ ಒಗರು. ಹಳೆಯ ಸಿಹಿ ಹಣ್ಣುಗಳಲ್ಲೂ ಬೀಜವಿತ್ತಲ್ಲ, ಉಗಿದು ಉಗಿದು ಬೈದುಕೊಂಡದ್ದುಂಟಲ್ಲ! ತನ್ನ ಮರದ್ದು ಒಂಟೊಂಟಿ ದಪ್ಪ ಹೆಣ್ಣು ಹೂ. ಸಣ್ಣ ಗಂಟೆಗಳ ಹಾಗೆ ಗೊಂಚಲು ಗೊಂಚಲು ಗಂಡು ಹೂ ಬಿಡುತ್ತಿದ್ದದ್ದು ತಮೇಜೋನ ಮರ. ಜೇನುಹುಳು ಅಲ್ಲಿಂದ ಇಲ್ಲಿಗೆ ಓಡಾಡಿದ್ದಕ್ಕೇ ಇಲ್ಲಿ ಬೀಜ, ಬೀಜವಿದ್ದದ್ದಕ್ಕೇ ಸಿಹಿ. ಹಿತ್ತಲ ಗಿಡ ಮದ್ದಲ್ಲ ಎಂದು ತಾನೇ ಕಡಿಸಿ ಹಾಕಿದ್ದಳು. ಹಾಗಾದರೆ ಈ ಬೀಜ ಎಲ್ಲಿಂದ ಬಂತು?

ಅರ್ಧ ಹಣ್ಣು ಹಿಡಿದು ಪಕ್ಕದ ಮನೆಗೆ ಧಾವಿಸಿದಳು. ತಮೇಜೋ ಹುಲ್ಲಿನ ಕಂತೆಗಳಿಗೆ ಅಡ್ಡ ನಿಂತ. ಅವನನ್ನು ಸರಿಸಿ ನೋಡಿದರೆ ಕಂತೆಗಳ ಮರೆಯಲ್ಲಿ ಮೋಟು ಬುಡ, ಬುಡದಿಂದ ಆಳೆತ್ತರದ ಚಿಗುರು.

"ನೀನು ಕಡಿದೆ ಅಂದ್ಕೊಂಡಿದ್ದೆ!"

"ಕಡಿದೆ. ಚಿಗುರಬೇಡ ಅಂತ ನೀನು ಹೇಳಿರ್ಲಿಲ್ಲ. ಈ ವರ್ಷ ನಾಕು ಹೂ ಬಿಡ್ತು. ಇದರ ಎಲೆ ನಾನೇ ಗುಡಿಸ್ಕೋತೀನಿ ಬಿಡು."

"ಮೊದ್ಲು ಈ ಕಡೆ ಕಚ್ಚು." ಅವನ ಮುಖ ಕಿವುಚಿತು. "ಈಗ ಈ ಕಡೆ." ಅವನ ಮುಖ ಅರಳಿತು.

"ನಿನ್ನ ಬೀಜದ ಚೀಲ ಇಲ್ದೆ ನಮ್ಮ ಮರಕ್ಕೆ ಸಿಹಿ ಇಲ್ಲ ಮಾರಾಯ. ತಪ್ಪು ನಂದೇ."

"ಇದನ್ನ ಹೇಳೋಕೆ ಮೂರು ವರ್ಷ ಬೇಕಾಯ್ತಾ?"

"ಒಗರು ಬಾಯಲ್ಲಿ ಮಾತು ಎಲ್ಲಿ ಬರುತ್ತೆ?"

ಇಬ್ಬರೂ ನಕ್ಕರು. ಆ ನಗುವಿಲ್ಲದೆ ಅಷ್ಟು ದಿನ ಹೇಗೆ ಇದ್ದೆನೋ ಎಂದು ಕಿನುಯೋಗೆ ಆಶ್ಚರ್ಯವಾಯಿತು.

ಚಿಕ್ಕ ಹೊಸವರ್ಷದ ದಿನ ಹಿಮದಲ್ಲಿ ಕಾಲೂರಿ ಅವಳು ಕೊಡಲಿ ಎತ್ತಿದಳು. ನಿಜಕ್ಕೂ ಕಡಿಯುತ್ತಾಳೋ ಎಂದು ನೋಡಲು ಬೀದಿಯ ಹೆಂಗಸರೂ ಬಂದಿದ್ದರು.

"ಬಿಡ್ತೀಯೋ, ಕಡೀಲೋ?"

"ಬಿಡ್ತೀನಿ, ಬಿಡ್ತೀನಿ!" ಎಂದಿತು ಕಾಂಡದ ಹಿಂದಿನ ದನಿ.

"ಸಿಹಿಯಾಗೋ?"

ಹಾಗೆಂದು ಯಾರೂ ಯಾವತ್ತೂ ಕೇಳಿರಲಿಲ್ಲ. ಮರ ಸ್ವಲ್ಪ ಹೊತ್ತು ಯೋಚಿಸಿತು.

"ಅದು... ಪಕ್ಕದ ಮನೆಯವನಿಗೆ ಹೊಟ್ಟೆ ತುಂಬ ಗಂಜಿ ಹಾಕಿದ್ರೆ ನೋಡೋಣ!"

ನಕ್ಕು ನಕ್ಕು ಕೊಡಲಿ ಅವಳ ಕೈಯಿಂದ ಜಾರಿ ಹಿಮಕ್ಕೆ ಬಿತ್ತು. ಮರಕ್ಕೆ ಸವರಿದ್ದು ಒಂದು ಚಮಚ, ತಮೇಜೋ ತಿಂದದ್ದು ಮೂರು ಬಟ್ಟಲು.

ಮೇ ತಿಂಗಳಲ್ಲಿ ತಮೇಜೋನ ಚಿಗುರಿನಲ್ಲಿ ಇದ್ದಷ್ಟು ಹೂಗೊಂಚಲನ್ನು ಕಡ್ಡಿ ಸಮೇತ ಕತ್ತರಿಸಿ, ನೀರು ತುಂಬಿದ ಹಳೆಯ ಸಾಕೆ ಹೆಂಡದ ಬಾಟಲಿಗಳಲ್ಲಿಟ್ಟು, ಇವಳ ಮರದ ಕೊಂಬೆಗಳಿಗೆ ಕಟ್ಟಿದರು. ಜೇನುಹುಳುಗಳು ಗಿಜಿಗುಟ್ಟಿದವು.

"ಏನ್ರೀ ಇದು, ಮರಕ್ಕೆ ಮದುವೆನಾ?" ಎಂದಳು ದಾರಿಹೋಕಳೊಬ್ಬಳು.

"ಹೌದು ಕಣೇ. ಗಂಡಿನ ಕಡೆಯವರು ಬಾಟಲಿ ಸಮೇತ ಬಂದಿದಾರೆ!"

ಶರತ್ಕಾಲದಲ್ಲಿ ಮೊದಲ ಹಣ್ಣು ಕಿತ್ತು ಕೊಯ್ದಳು. ಒಳಗೆಲ್ಲ ಕಂದು, ತುಂಬ ಎಳ್ಳು ಎಳ್ಳು. ಕಣ್ಮುಚ್ಚಿ ಕಚ್ಚಿದಳು. ರಸ ಗಲ್ಲಕ್ಕಿಳಿಯಿತು. ಅತ್ತೆಯ ಮರ ಉಳಿಯಿತು.

ಬಾಯಲ್ಲಿ ಬೀಜ ಉಳಿದಿತ್ತು. ಬೇಲಿಯ ಹತ್ತಿರ ಹೋಗಿ, ಎದೆ ತುಂಬ ಉಸಿರೆಳೆದು, ಆಚೆಗೆ ಉಗಿದಳು.

"ಯಾರೇ ಅದು, ನನ್ನಂಗಳಕ್ಕೆ ಉಗಿಯೋಳು?" ಎಂದು ತಮೇಜೋ ಕೂಗಿದ.

"ನಿಂದೇ ಕಣೋ!" ಎಂದು ಕಿನುಯೋ ಕೂಗಿದಳು. "ಬೀಜ ನೀನಿಟ್ಕೋ. ಸಿಹಿ ತಿನ್ನೋಕೆ ಬಾ!"