ರಜೆಯಿಲ್ಲದ ಹುದ್ದೆ

ವರ್ಷದ ಕೊನೆಯ ಸಭೆ ಬಂತೆಂದರೆ ಸಾಂತಾ ಒತಿಲಿಯಾ ಎಂಬ ಊರಿನ ಎಂಥೆಂಥ ಗಟ್ಟಿಗರಿಗೂ ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾಗುತ್ತದೆ. ಮುಂದಿನ ವರ್ಷ ಯಾರು ಊರು ಕಾಯಬೇಕು, ಯಾರು ಚರ್ಚಿನ ಗಂಟೆ ಬಾರಿಸಬೇಕು, ಯಾರು ಹಬ್ಬದ ಅಡುಗೆ ನೋಡಿಕೊಳ್ಳಬೇಕು ಎಂದು ಊರೆಲ್ಲ ಸೇರಿ ಕೈಯೆತ್ತಿ ತೀರ್ಮಾನಿಸುವ ದಿನ ಅದು. ಸಂಬಳ ಬಿಡಿಗಾಸೂ ಇಲ್ಲ. ಒಲ್ಲೆ ಎಂದವರಿಗೆ ಒಂದು ರಾತ್ರಿ ಊರ ಜೈಲು. ಇರುವ ಸಮಾಧಾನ ಒಂದೇ: ವರ್ಷ ಮುಗಿದೊಡನೆ ಹುದ್ದೆ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ, ಆಮೇಲೆ ಕೆಲವು ವರ್ಷ ನಿಮ್ಮ ತಂಟೆಗೆ ಯಾರೂ ಬರುವಂತಿಲ್ಲ.

ಅಪ್ಪ ಕಾಸಿಯಾನೋಗೆ ಲಕ್ವ ಹೊಡೆದು ಏಳು ವರ್ಷ. ಅಂದಿನಿಂದ ಮಗಳು ದೆಲ್ಫಿನಾ ಸಭೆಯ ಮುಖ ಕಂಡಿರಲಿಲ್ಲ. ಇವತ್ತು ನೆರೆಮನೆಯ ಹೆಂಗಸನ್ನು ಅಪ್ಪನ ಬಳಿ ಕೂರಿಸಿ ಬಂದಿದ್ದಳು. ಅವಳಿಗೆ ಬಿಡುವು ಬೇಕಿತ್ತು, ಬರೀ ಒಂದು ವರ್ಷ. ಅಣ್ಣ ಫ್ರೋಯ್ಲಾನನನ್ನು ಕೇಳಿ ಕೇಳಿ ಅವಳ ಬಾಯಿ ಸೋತಿತ್ತು. ಅವನ ಮನೆ ಪಕ್ಕದ ಓಣಿಯಲ್ಲೇ. ಭಾನುವಾರ ಬರುತ್ತಾನೆ, ಅಪ್ಪನ ಹಣೆ ಮುಟ್ಟುತ್ತಾನೆ, ತಂಗಿ ಮಾಡಿದ ಕಾಫಿ ಕುಡಿಯುತ್ತಾನೆ, "ಅಪ್ಪ ಚೆನ್ನಾಗೇ ಇದಾನೆ" ಎಂದು ಹೋಗುತ್ತಾನೆ. ಚೆನ್ನಾಗಿರುವುದು ಯಾರಿಂದ ಎಂದು ಕೇಳುವ ಗೋಜಿಗೆ ಹೋದವನಲ್ಲ.

ಹಬ್ಬದ ಅಡುಗೆಯ ಹುದ್ದೆ ಬಂದಾಗ ಫ್ರೋಯ್ಲಾನನೇ ಎದ್ದು ಟೋಪಿ ತೆಗೆದ.

"ನಮ್ ದೆಲ್ಫಿನಾನ ಹಾಕಿ. ಗಂಡ ಇಲ್ಲ, ಮಕ್ಳಿಲ್ಲ. ಮನೇಲಿ ಸುಮ್ನೇ ಕೂತಿರ್ತಾಳೆ."

ದೆಲ್ಫಿನಾಳಿಗೆ ಮೈ ಉರಿದುಹೋಯಿತು. ಬೆಳಗಿನಿಂದ ಅಪ್ಪನನ್ನು ಮಗ್ಗುಲು ಬದಲಿಸಿ, ಒದ್ದೆ ಹಾಸಿಗೆ ತೆಗೆದು ಒಗೆದು, ರೊಟ್ಟಿಯನ್ನು ಹುರುಳಿಕಾಯಿ ಬೀಜದ ಸಾರಿನಲ್ಲಿ ನೆನೆಸಿ ಚೂರುಚೂರೇ ತಿನ್ನಿಸಿ ಬಂದವಳು ಅವಳು. ಅತ್ತುಬಿಡುತ್ತೇನೇನೋ ಅಂದುಕೊಂಡಳು. ಆದರೆ ಬಾಯಿಂದ ಬಂದದ್ದು ಬೇರೆಯೇ.

"ಆಯ್ತು, ಮಾಡ್ತೀನಿ. ಆದ್ರೆ ಒಬ್ರು ಎರಡು ಹುದ್ದೆ ಹಿಡಿಯೋ ಹಾಗಿಲ್ಲ ಅನ್ನೋದು ಊರಿನ ಕಟ್ಟಳೆ ಅಲ್ವಾ? ಮೊದ್ಲು ನನ್ನ ಕೈಲಿರೋದನ್ನ ಇಳಿಸ್ಕೊಳಿ."

"ನಿನ್ ಕೈಲಿ ಯಾವ ಹುದ್ದೆ ಇದೆಯಮ್ಮ?" ಅಧ್ಯಕ್ಷ ವೆನ್ಸೆಸ್ಲಾವೋ ಕೇಳಿದ.

"ಅಪ್ಪನ್ನ ನೋಡ್ಕೊಳೋ ಹುದ್ದೆ."

ಸಭೆ ಘೊಳ್ಳೆಂದು ನಕ್ಕಿತು. ಫ್ರೋಯ್ಲಾನ್ ಎಲ್ಲರಿಗಿಂತ ಜೋರಾಗಿ ನಕ್ಕ.

"ನಗಿ, ನಗಿ," ಎಂದಳು ದೆಲ್ಫಿನಾ. "ಗಂಟೆ ಹೊಡಿಯೋನಿಗೂ ವರ್ಷ ಮುಗಿದ್ರೆ ಬಿಡುಗಡೆ. ನನಗೆ ಇಲ್ಲ. ನನ್ನನ್ನ ಯಾರೂ ಒಂದ್ ಮಾತು ಕೇಳ್ಲಿಲ್ಲ, ಮದುವೆಯಾಗ್ದೆ ಉಳಿದ ಮಗಳು ಅಂತ ತಲೆ ಮೇಲೆ ಹೊರಿಸಿದ್ರಿ. ಅಪ್ಪ ಅಂದ್ರೆ ನಂಗೆ ಪ್ರಾಣ. ಆದ್ರೆ ನಂಗೂ ಬೆನ್ನು ಅನ್ನೋದಿದೆ. ಅವನು ನಿಮ್ಮೆಲ್ಲರ ಹೊಲಕ್ಕೂ ನೀರು ತಂದ ಕಾಲುವೆ ತೋಡಿದೋನು. ಊರಿಗೆ ದುಡಿದೋನನ್ನ ನೋಡ್ಕೊಳೋದು ಊರಿನ ಕೆಲಸ ಅಲ್ಲ ಅಂತ ಯಾರಾದ್ರೂ ಎದ್ದು ಹೇಳಿ, ಕೂತ್ಕೋತೀನಿ."

 ಹಿಂದಿನ ಸಾಲಿನಲ್ಲಿ ಮುದುಕಿ ಹಸಿಂತಾ ಎದ್ದಳು. "ನಾನು ಅತ್ತೇನ ಹನ್ನೊಂದು ವರ್ಷ ಎತ್ತಿ ಇಳಿಸ್ದೆ. ಆಗ್ಲೂ ಸುಮ್ನೇ ಕೂತಿದೀನಿ ಅಂತ್ಲೇ ಅಂದ್ರಿ." ಅವಳ ಪಕ್ಕದವಳು ಎದ್ದಳು. ನಡೆಯಲಾರದ ಮಗನನ್ನು ಒಬ್ಬನೇ ಸಾಕುತ್ತಿರುವ ಬಡಗಿ ತೋರಿಬಿಯೋ, ಸಭೆಯಲ್ಲಿ ಎಂದೂ ಬಾಯಿ ಬಿಡದವನು, "ನಾನೂ" ಎಂದು ಎದ್ದ. ನೋಡನೋಡುತ್ತ ಅರ್ಧ ಸಭೆ ಎದ್ದು ನಿಂತಿತ್ತು. ಇಷ್ಟು ಜನ ಇಷ್ಟು ದಿನ ಗೋಡೆಗಳ ಹಿಂದೆ ಒಬ್ಬೊಬ್ಬರೇ ಸವೆಯುತ್ತಿದ್ದರೆಂದು ಊರಿಗೆ ಗೊತ್ತಾದದ್ದೇ ಆಗ.

ವೆನ್ಸೆಸ್ಲಾವೋ ಮತಕ್ಕೆ ಕೈಯೆತ್ತಿಸಿದ. ಮಲಗಿದವರನ್ನು ನೋಡಿಕೊಳ್ಳುವುದೂ ಊರಿನ ಹುದ್ದೆಯೇ ಎಂದಾಯಿತು. ಒಂದು ವರ್ಷ, ಆಮೇಲೆ ಕೈಬದಲು. ಮೊದಲ ಸರದಿ ಮನೆಯವರದು, ಮನೆಯವರಿಲ್ಲದಿದ್ದರೆ ಊರಿನವರದು.

"ಹಾಗಾದ್ರೆ ಕಾಸಿಯಾನೋಗೆ ಬರೋ ವರ್ಷ ಫ್ರೋಯ್ಲಾನ್," ಎಂದಳು ಹಸಿಂತಾ.

"ನಾನು ಗಂಡ್ಸು ಕಣಜ್ಜಿ! ಅದೆಲ್ಲ ತೊಳಿಯೋಕೆ ನಂಗೆಲ್ಲಿ ಬರುತ್ತೆ?"

"ನಿನ್ನನ್ನ ನಿಮ್ಮಪ್ಪನೂ ತೊಳೆದಿದ್ದ ಕಣೋ. ಬರಲ್ಲ ಅಂದ್ರೆ ಜೈಲು ಖಾಲಿ ಇದೆ."

ಈ ಸಲ ಸಭೆ ನಕ್ಕದ್ದು ಫ್ರೋಯ್ಲಾನನನ್ನು ನೋಡಿ. ಏಳು ವರ್ಷ ಹುದ್ದೆ ಹೊತ್ತವಳೆಂದು ದೆಲ್ಫಿನಾಳಿಗೆ ಕಟ್ಟಳೆಯಂತೆ ಬಿಡುವು ಸಿಕ್ಕಿತು, ಹಬ್ಬದ ಅಡುಗೆ ಇನ್ನೊಬ್ಬರ ಹೆಗಲೇರಿತು.

ಹೊಸ ವರ್ಷದ ಬೆಳಿಗ್ಗೆ ಹುದ್ದೆಗಳ ಕೈಬದಲು. ವಾಲಗದ ತಂಡ ಹುದ್ದೆ ಇಳಿಸುವವರ ಎಲ್ಲ ಮನೆಗಳ ಮುಂದೆ ನುಡಿಸುವಂತೆ ದೆಲ್ಫಿನಾಳ ಬಾಗಿಲಿಗೂ ಬಂತು. ಒಳಗೆ ಅವಳು ಅಣ್ಣನಿಗೆ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತುವುದನ್ನು ತೋರಿಸಿದಳು. ಫ್ರೋಯ್ಲಾನ್ ಬೆವರಿದ, ತಡವರಿಸಿದ, ಮತ್ತೆ ಎತ್ತಿದ. ಅಪ್ಪನ ಸೊಟ್ಟ ಬಾಯಿಂದ ಮಾತು ಕಷ್ಟಪಟ್ಟು ಹೊರಟಿತು: "ಮೆಲ್ಲಗೆ... ಹೊಸಬ." ಫ್ರೋಯ್ಲಾನ್ ಅಪ್ಪನನ್ನು ಎದೆಗೊತ್ತಿಕೊಂಡು ಗಳಗಳನೆ ಅತ್ತುಬಿಟ್ಟ. ಅಪ್ಪ ಅಷ್ಟು ಹಗುರಾಗಿದ್ದಾನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹುದ್ದೆ ಇಳಿಸಿದವರಿಗೆ ಹಾಕುವ ಹೂವಿನ ಹಾರವನ್ನು ಹಸಿಂತಾ ದೆಲ್ಫಿನಾಳ ಕೊರಳಿಗೆ ಹಾಕಿದಳು. ತುತ್ತೂರಿ ಮೊಳಗಿತು, ಪಟಾಕಿ ಹಾರಿತು, ಮೆರವಣಿಗೆ ಹೊರಟಿತು. ಬೀದಿ ತಿರುಗುವಲ್ಲಿ ದೆಲ್ಫಿನಾಳ ಕಾಲುಗಳು ತಾವಾಗಿಯೇ ಮನೆ ಕಡೆ ವಾಲಿದವು. ಅಪ್ಪನಿಗೆ ಗಂಜಿಯ ಹೊತ್ತು.

"ಎಲ್ಲಿಗೇ?" ಹಸಿಂತಾ ಅವಳ ತೋಳು ಹಿಡಿದಳು.

ದೆಲ್ಫಿನಾ ನಿಂತಳು. ತಿರುಗಿ ನೋಡಿದಳು. ಮನೆಯ ಹೆಂಚಿನ ಸಂದಿನಿಂದ ಹೊಗೆ ಏಳುತ್ತಿತ್ತು. ಒಲೆ ಹಚ್ಚಿದ್ದು ಅವಳಲ್ಲ.

"ಎಲ್ಲಿಗೂ ಇಲ್ಲ ಅಜ್ಜಿ," ಎಂದು ಜೋರಾಗಿ ನಕ್ಕು, ವಾಲಗದ ಹಿಂದೆ ಕುಣಿಯುತ್ತ ನಡೆದಳು.