ದೋಣಿಯಂಚಿನ ಕೈ

ಡೊಮಿನಿಕಾ ಎಂಬ ಪುಟ್ಟ ದ್ವೀಪದೇಶದಿಂದ ಆ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರು ನಾಲ್ಕೇ ಜನ. ಬಾವುಟ ಹಿಡಿದವನೊಬ್ಬ, ಅವನ ಹಿಂದೆ ಮೂವರು. ಮೆರವಣಿಗೆಯಲ್ಲಿ ಕಣ್ಣು ಮಿಟುಕಿಸಿದವರಿಗೆ ಆ ದೇಶ ಕಾಣಿಸಲೇ ಇಲ್ಲ. ಈಜುವವಳು ಸೋಲಾಂಜ್ ಒಬ್ಬಳೇ. ದ್ವೀಪದ ಈಜುಗಾರರು ಯಾರೂ ಇದುವರೆಗೆ ಮೊದಲ ಸುತ್ತು ದಾಟಿದ್ದಿಲ್ಲ. ಸೋಲಾಂಜ್ ದಾಟಿದಳು, ತನ್ನ ಗುಂಪಿಗೆ ಎರಡನೆಯವಳಾಗಿ. ಫಲಕದಲ್ಲಿ ಹೆಸರು ಬಂತು. ಅವಳು ನೀರಿನಿಂದ ಮೇಲೆ ಬರುವಷ್ಟರಲ್ಲಿ ಅಳಿಸಿಯೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ತಿರುಗುವಾಗ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಸೋಲಾಂಜಳ ಬಲಗೈ ಮಾತ್ರ ಮುಟ್ಟಿತ್ತು, ಅವಳನ್ನು ಅನರ್ಹಳೆಂದರು.

ಏಕೆಂದು ಅವಳಿಗೆ ಗೊತ್ತು. ಅವಳೂರಿಗೆ ಈಜುಕೊಳ ಎಲ್ಲಿಂದ ಬರಬೇಕು? ಇದ್ದದ್ದು ಕಡಲು, ಲಂಗರು ಹಾಕಿದ ಅಪ್ಪನ ಮೀನುದೋಣಿ. ದಡದ ಧಕ್ಕೆಕಟ್ಟೆಯಿಂದ ದೋಣಿಯವರೆಗೆ ಈಜಿ ತಿರುಗಬೇಕು. ಅಲೆ ಎದ್ದರೆ ಮಗಳ ತಲೆ ಹಲಗೆಗೆ ಬಡಿದೀತೆಂದು ಅಪ್ಪ ಎವರಿಸ್ತ್ ಅಂಚಿನಿಂದ ಕೈ ಇಳಿಬಿಟ್ಟು ಕೂರುತ್ತಿದ್ದ. ಅವಳು ಬಲಗೈ ಕೊಟ್ಟು, ಎಡಗೈಯಿಂದ ದೋಣಿಯನ್ನು ದೂರ ತಳ್ಳುವಳು. ಅವನು ಸರಕ್ಕನೆ ತಿರುಗಿಸಿ ಬಿಡುವನು. ಹಾಲುಹಲ್ಲು ಬೀಳುವ ವಯಸ್ಸಿನಿಂದಲೂ ಹೀಗೇ. ಆಮೇಲೆ ಪರದೇಶದ ತರಬೇತುದಾರರು ತಿದ್ದಿದರು, ಅಭ್ಯಾಸದಲ್ಲಿ ಕೈ ಮಾತು ಕೇಳಿತು. ಸ್ಪರ್ಧೆಯಲ್ಲಿ ಜೀವ ಬಾಯಿಗೆ ಬಂದಾಗ ಅದು ಅಪ್ಪನನ್ನೇ ಹುಡುಕಿತು. ಬೈಯೋಣವೆಂದರೆ ಯಾರನ್ನು ಬೈಯುವುದು?

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಳುತ್ತ ಕೂತವಳಿಗೆ ಫೋನು ಬಂತು.

"ಹೆಸರು ಹಾಕಿದ್ರು, ತೆಗೆದ್ರು. ಏನ್ ಮಕ್ಕಳಾಟಾನಾ ಅದು?" ಎಂದ ಎವರಿಸ್ತ್. ಹಿಂದೆ ರಮ್ ಅಂಗಡಿಯ ಟೀವಿ, ಜನರ ಗದ್ದಲ.

"ಕಾಲು ತಪ್ಪಾಗಿ ಬಡಿದ್ನಂತೆ ಅಪ್ಪಾ. ನಂದೇ ತಪ್ಪು."

"ಕಾಲಾ? ಹಂಗಾದ್ರೆ ಅದು ನಿಮ್ಮಮ್ಮನ ಕಡೇದು, ಬಿಡು. ಅವಳಿಗೆ ಕುಣಿಯೋಕೂ ಬರಲ್ಲ."

ಸೋಲಾಂಜ್ ನಕ್ಕಳು, ನಗುತ್ತಲೇ ಅತ್ತಳು. ಅಪ್ಪನಿಗೆ ಇಷ್ಟೇ ಗೊತ್ತಿದ್ದರೆ ಸಾಕು ಎಂದುಕೊಂಡಳು.

"ಕೇಳಿಲ್ಲಿ, ಪಕ್ಕದ್ಮನೆ ಜೋಸೆಟ್ ಮಗಳನ್ನ ಕರ್ಕೊಂಡು ಬಂದಿದ್ಲು. ಅದಕ್ಕೂ ನಿನ್ನ ಹಾಗೇ ಆಗ್ಬೇಕಂತೆ. ನಾಳೆಯಿಂದ್ಲೇ ದೋಣಿ ಹತ್ರ ಕಳ್ಸು ಅಂದೆ. ಊರೆಲ್ಲ ನನ್ನನ್ನ ಮೇಷ್ಟ್ರೇ ಅಂತಿದಾರೆ ಕಣೇ. ಮೀನು ವಾಸನೆ ಹೊಡಿಯೋ ಮೇಷ್ಟ್ರು. ನಿಂಗೆ ಕಲಿಸಿದ್ದನ್ನೇ ಅದಕ್ಕೂ ಕಲಿಸ್ತೀನಿ."

ಸೋಲಾಂಜ್ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. ಆ ಮಗುವೂ ಒಂದು ದಿನ ಇಂಥದೇ ಕೋಣೆಯಲ್ಲಿ ಹೀಗೇ ಕೂತು ಅಳಬೇಕೇ? ಹೇಳಿದರೆ ಅಪ್ಪ ನೊಂದು ಸಾಯುತ್ತಾನೆ, ಹೇಳದಿದ್ದರೆ ಆ ಮಗು ಸೋಲುತ್ತದೆ. ಎಂಥ ಕಷ್ಟಕ್ಕೆ ತಂದಿಟ್ಟೆ ದೇವರೇ ಎನಿಸಿತು.

"ಅಪ್ಪಾ, ಅವಳಿಗೆ ಕೈ ಕೊಡಬೇಡ."

"ಕೊಡದಿದ್ರೆ ಹಲಗೆಗೆ ಬಡ್ಕೊಳ್ತಾಳೆ."

"ನಾನು ತಪ್ಪಿದ್ದು ಕಾಲಲ್ಲ ಅಪ್ಪಾ. ಗೋಡೆಗೆ ಎರಡೂ ಕೈ ಮುಟ್ಟಿಸ್ಬೇಕಿತ್ತು. ದೋಣೀಲಿ ನಿಂಗೆ ಕೊಡ್ತಿದ್ನಲ್ಲ, ಹಂಗೆ ಒಂದೇ ಕೊಟ್ಟೆ."

ಗದ್ದಲ ದೂರವಾಯಿತು. ಅವನು ಅಂಗಡಿಯಿಂದ ಹೊರಗೆ ನಡೆದಿರಬೇಕು, ಅಲೆಯ ಸದ್ದು ಕೇಳತೊಡಗಿತು.

"ಹಂಗಾದ್ರೆ ನಿನ್ನ ಸೋಲಿಸಿದ್ದು ನಾನು."

"ಹಂಗಲ್ಲ ಅಪ್ಪಾ."

"ಜೋಸೆಟ್‌ಗೆ ಹೇಳ್ತೀನಿ. ಮಗು ಬೇರೆ ಯಾರ ಹತ್ರಾನಾದ್ರೂ ಕಲೀಲಿ."

ಆ ಊರಿನಲ್ಲಿ ಕಲಿಸುವವರು ಬೇರೆ ಯಾರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.